ನಮ್ಮ ಪಂಚಾಯತಿಯನ್ನು ಪಕ್ಕದ್ದಕ್ಕೆ ಸೇರಿಸಬಹುದೇ?

ಪ್ರಶ್ನೆ: ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು

ಮಾನ್ಯರೇ, 2011ರ ಜನಗಣತಿಯಂತೆ ನಮ್ಮ ಗ್ರಾಮ ಪಂಚಾಯತಿಯ ಜನಸಂಖ್ಯೆ ಮೂರು ಸಾವಿರವನ್ನೂ ಮುಟ್ಟುವುದಿಲ್ಲ. ಆದರೆ ಈ ತುದಿಯ ಮನೆಯಿಂದ ಆ ತುದಿಯ ಮನೆಗೆ ಹೋಗಬೇಕಾದರೆ ಎರಡು ಗುಡ್ಡ ಹತ್ತಿಳಿದು ಮೂರು ಹಳ್ಳ ದಾಟಬೇಕು. ಅವುಗಳಲ್ಲಿ ಒಂದಕ್ಕೆ ಇಂದಿಗೂ ಅಡಿಕೆ ಮರದ ಕಾಲುಸಂಕವೇ ಗತಿ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಕೇರಿಯವರೇ ಸೇರಿ ಹೊಸ ಮರ ಹಾಸಿ, ಕೈಯಾಸರೆಗೆ ಪಕ್ಕದಲ್ಲಿ ಒಂದು ಬಿದಿರಿನ ಗಳ ಕಟ್ಟುತ್ತೇವೆ. ಕಳೆದ ಗ್ರಾಮ ಸಭೆಯಲ್ಲಿ ಈ ಸಂಕದ ವಿಷಯ ಎತ್ತಿದಾಗ, ಇಷ್ಟು ಚಿಕ್ಕ ಪಂಚಾಯತಿಗೆ ಬರುವ ಅನುದಾನದಲ್ಲಿ ಸಿಮೆಂಟಿನ ಸಂಕ ಸಾಧ್ಯವಿಲ್ಲ, ಪಕ್ಕದ ಪಂಚಾಯತಿಯೊಡನೆ ವಿಲೀನವಾದರೆ ಮಾತ್ರ ಏನಾದರೂ ಆದೀತು ಎಂಬ ಉತ್ತರ ಬಂತು. ಪಂಚಾಯತಿಯೊಂದಕ್ಕೆ ಕನಿಷ್ಠ ಇಷ್ಟು ಜನರಿರಬೇಕೆಂಬ ನಿಯಮವಿದೆಯೇ? ವಿಲೀನವಾದರೆ ಹಣ ಹೆಚ್ಚುವುದು ನಿಜವೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಪಂಚಾಯತಿ ಕಾರ್ಯದರ್ಶಿ, ತೀರ್ಥಹಳ್ಳಿ

ನಿಯಮವಿದೆ, ಮತ್ತು ಅದು ತಮ್ಮ ಪರವಾಗಿಯೇ ಇದೆ. 1993ರ ಪಂಚಾಯತ್ ರಾಜ್ ಅಧಿನಿಯಮದ 4ನೆಯ ಪ್ರಕರಣದಲ್ಲಿ ಗ್ರಾಮ ಪಂಚಾಯತಿಗೆ 5,000ದಿಂದ 7,000 ಜನಸಂಖ್ಯೆ ಎಂದು ಹೇಳಿದ್ದರೂ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡ ಮೊದಲಾದ ಜಿಲ್ಲೆಗಳಿಗೆ ಆ ಮಿತಿಯನ್ನು 2,500ಕ್ಕೆ ಇಳಿಸಲಾಗಿದೆ. ಬಯಲುಸೀಮೆಯಲ್ಲಿ ಊರೆಂದರೆ ಒಂದೇ ಕಡೆ ಗುಂಪಾಗಿ ನಿಂತ ನೂರಾರು ಮನೆಗಳು. ನಮ್ಮಲ್ಲಿ ಊರೆಂದರೆ ತೋಟಕ್ಕೊಂದು ಮನೆ. 2011ರಲ್ಲಿ ರಾಜ್ಯದ ಜನಸಾಂದ್ರತೆ ಚದರ ಕಿಲೋಮೀಟರಿಗೆ 319 ಇದ್ದಾಗ ನಮ್ಮ ಜಿಲ್ಲೆಯದು 207 ಮಾತ್ರ, ಅದೂ ಶಿವಮೊಗ್ಗ, ಭದ್ರಾವತಿ ಪೇಟೆಗಳನ್ನು ಸೇರಿಸಿಕೊಂಡು.

ಇನ್ನು ಹಣದ ಮಾತು. ಕೇಂದ್ರದ 15ನೆಯ ಹಣಕಾಸು ಆಯೋಗವು ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚುವಾಗ ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10ರ ತೂಕ ಕೊಟ್ಟಿತು. ತಲೆ ಎಣಿಸುವ ಈ ಲೆಕ್ಕದಲ್ಲಿ ಗುಡ್ಡಕ್ಕೂ ಹಳ್ಳಕ್ಕೂ ಬೆಲೆ ಕಡಿಮೆ. 2021–26ರ ಆ ಅವಧಿಯಲ್ಲಿ ಬಂದ ಹಣದಲ್ಲಿಯೂ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿದ್ದು, ಸಂಕಕ್ಕೆ ಮುಟ್ಟುವಂತಿರಲಿಲ್ಲ. ಎರಡು ಬಡ ಪಂಚಾಯತಿಗಳನ್ನು ಕೂಡಿಸಿದರೆ ತಲೆಗೆ ಬರುವ ಹಣವೇನೂ ಹೆಚ್ಚುವುದಿಲ್ಲ. ಹಳ್ಳಗಳು ಮಾತ್ರ ಮೂರರ ಬದಲು ಆರಾಗುತ್ತವೆ.

ಸ್ವಂತ ಆದಾಯದ ಕಥೆಯೂ ಅಷ್ಟೇ. ನಾನು ಕೆಲಸದಲ್ಲಿದ್ದಾಗ ಮನೆಗಂದಾಯ ವಸೂಲಿಗೆ ಹೊರಟರೆ ಅರ್ಧ ದಿನಕ್ಕೆ ನಾಲ್ಕು ಮನೆ ಮುಗಿಸುವುದೇ ಕಷ್ಟವಾಗಿತ್ತು. ಪ್ರತಿ ಮನೆಯಲ್ಲೂ ಬೆಲ್ಲ, ನೀರು ಕೊಡದೆ ಬಿಡುತ್ತಿರಲಿಲ್ಲ ಎಂಬುದು ಬೇರೆ ಮಾತು.

ಉತ್ತರ 2: ಎಂಜಿನಿಯರಿಂಗ್ ವಿದ್ಯಾರ್ಥಿ, ಸಾಗರ

ಹಿರಿಯರ ಮಾತನ್ನು ಒಪ್ಪುತ್ತಲೇ ಒಂದು ಸಂದೇಹವನ್ನು ಮುಂದಿಡುತ್ತೇನೆ. ನಮ್ಮಲ್ಲಿ ಒಬ್ಬರೇ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎರಡು ಪಂಚಾಯತಿಗಳ ಪ್ರಭಾರದಲ್ಲಿದ್ದು, ವಾರದಲ್ಲಿ ಎರಡು ದಿನವಷ್ಟೇ ನಮ್ಮ ಕಚೇರಿಗೆ ಬರುತ್ತಾರೆ. ವಾಸ್ತವದಲ್ಲಿ ವಿಲೀನ ಈಗಾಗಲೇ ಆಗಿಹೋಗಿರುವಾಗ, ಕಾಗದದ ಮೇಲೆಯೂ ಆದರೆ ನಷ್ಟವೇನು?

ಉತ್ತರ 3: ಮಾಜಿ ಸದಸ್ಯೆ, ಕರೂರು ಹೋಬಳಿ

ನಷ್ಟವಿದೆ ತಮ್ಮಾ. ಪಿಡಿಒ ಇಲ್ಲದ ದಿನವೂ ನಮ್ಮ ನೀರುಗಂಟಿ ಇರುತ್ತಾನೆ, ನಮ್ಮ ವಾರ್ಡಿನ ಸದಸ್ಯರು ಇರುತ್ತಾರೆ. ಅಬ್ಬಿಯ ನೀರು ತರುವ ಪೈಪಿಗೆ ತರಗೆಲೆ ಕಟ್ಟಿ ಏಳು ಮನೆಗಳ ನೀರು ನಿಂತಾಗ, ಗುಡ್ಡ ಹತ್ತಿ ಎಲ್ಲಿ ಕಟ್ಟಿದೆಯೆಂದು ನೋಡುವವನು ಅವನೇ. ಕಚೇರಿ ಹದಿನೈದು ಕಿಲೋಮೀಟರು ಆಚೆಗೆ ಹೋದರೆ ಅವನಿಗೆ ಸುದ್ದಿ ಮುಟ್ಟಿಸಲು ಫೋನಿನ ಸಿಗ್ನಲ್ ಹುಡುಕಿಕೊಂಡು ನಾವು ಇನ್ನೊಂದು ಗುಡ್ಡ ಹತ್ತಬೇಕು.

ದೂರವೆಂದರೇನೆಂದು ಶರಾವತಿ ಹಿನ್ನೀರಿನ ಈಚೆಯವರಾದ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆಯುವವರೆಗೆ, ಸಾಗರದ ತಾಲ್ಲೂಕು ಕಚೇರಿಯಲ್ಲಿ ಒಂದು ಸಹಿ ಹಾಕಿಸುವುದಕ್ಕೂ ಲಾಂಚಿನ ಸಮಯ ನೋಡಿಕೊಂಡು ಮನೆ ಬಿಡಬೇಕಾಗಿತ್ತು. ಆ ದಿನಗಳಲ್ಲಿ ನಡೆದು ಹೋಗಬಹುದಾದ ಸರ್ಕಾರವೆಂದರೆ ಪಂಚಾಯತಿ ಕಚೇರಿಯೊಂದೇ ಆಗಿತ್ತು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದದ್ದನ್ನು ಕಂಡ ಮೇಲಂತೂ, ಕೈಗೆಟಕುವ ಈ ಒಂದನ್ನು ದೂರ ಮಾಡಿಕೊಳ್ಳಲು ನಾನು ಒಪ್ಪಲಾರೆ.

ಪ್ರಶ್ನೆ ಕೇಳಿದವರಿಗೆ ಒಂದು ಸಲಹೆ. ಸಂಕದ ಬೇಡಿಕೆಯನ್ನು ಗ್ರಾಮ ಸಭೆಯಲ್ಲಿ ನೇರವಾಗಿ ಎತ್ತಿದರೆ ನೂರರಲ್ಲಿ ಒಂದಾಗಿ ಕಳೆದುಹೋಗುತ್ತದೆ. 2015ರ ತಿದ್ದುಪಡಿಯಲ್ಲಿ ಜನವಸತಿ ಸಭೆಗೆ ಅವಕಾಶ ಕೊಟ್ಟಿದ್ದಾರೆ. ಮೊದಲು ಕೇರಿಯವರೇ ಆ ಸಭೆ ಸೇರಿ ಸಂಕವನ್ನು ಮೊದಲನೆಯ ಬೇಡಿಕೆಯಾಗಿ ಬರೆಸಿ, ಅಲ್ಲಿಂದ ವಾರ್ಡ್ ಸಭೆಗೂ ಗ್ರಾಮ ಸಭೆಗೂ ಒಯ್ಯಿರಿ. ಆ ನಡಾವಳಿಯ ಪ್ರತಿಯೊಂದನ್ನು ಶಿವಮೊಗ್ಗದ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಗೂ ಶಾಸಕರಿಗೂ ಕೊಡಿ. ಹಳ್ಳ ತುಂಬಿದಾಗ ತೆಗೆದ ಫೋಟೋ ಜೊತೆಗಿರಲಿ. ಬೇಸಿಗೆಯಲ್ಲಿ ಬಂದು ನೋಡುವ ಅಧಿಕಾರಿಗೆ ಅಲ್ಲಿ ಕಾಣುವುದು ಕಲ್ಲು ಮಾತ್ರ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ವಿಲೀನದ ಪ್ರಸ್ತಾಪ ಮಾತಿನಲ್ಲಷ್ಟೇ ಇದೆಯೋ ಬರಹದಲ್ಲಿಯೂ ಇದೆಯೋ ಎಂದು ಪಂಚಾಯತಿಗೆ ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ಹಾಕುತ್ತೇನೆ. ಜನವಸತಿ ಸಭೆಯನ್ನು ಬರುವ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿಯೇ ಕರೆಯೋಣವೆಂದು ಕೇರಿಯವರು ಒಪ್ಪಿದ್ದಾರೆ. ಹಳ್ಳದ ಆಚೆಯ ಎರಡು ಮನೆಯವರು, ನೀರು ಇಳಿದಿದ್ದರೆ ಬರುವುದಾಗಿ ಹೇಳಿದ್ದಾರೆ.