ಹೆಪ್ಪುಗಟ್ಟುವ ಕಡಲಿನಲ್ಲಿ ಲೋಹಾಂಶವನ್ನು ಅಳೆಯುವುದು ಹೇಗೆ?

ಪ್ರಶ್ನೆ (ಕಾರವಾರ): ಕಾಳಿ ಅಳಿವೆಯ ನೀರಿನಲ್ಲಿ ತಾಮ್ರ, ಸತುಗಳನ್ನು ಅಳೆಯಲು ನಾವು ಬಾಟಲಿಯಲ್ಲಿ ನೀರು ತುಂಬಿ ತರುತ್ತೇವೆ. ಅಂಟಾರ್ಕ್ಟಿಕಾದ ಭಾರತಿ ನಿಲ್ದಾಣದಂಥ ಕಡೆ, ವರ್ಷದ ಬಹುಪಾಲು ಕಡಲಿನ ಮೇಲೆ ಹಿಮದ ಹಾಸು ಇರುವಾಗ, ಇಂಥ ಅಳತೆಗೆ ಯಾವ ವಿಧಾನ ಸೂಕ್ತ?

ಉತ್ತರ (ಕುಮಟಾ): ಬಾಟಲಿಯ ನೀರು ಆ ಕ್ಷಣದ ಸ್ಥಿತಿಯನ್ನಷ್ಟೇ ಹೇಳುವುದರಿಂದ, ಡಿಜಿಟಿ ಎಂಬ ಪುಟ್ಟ ಸಾಧನವನ್ನು ಹಲವು ದಿನ ನೀರಿನಲ್ಲಿ ಇಳಿಬಿಡುತ್ತಾರೆ, ಜೆಲ್ ಪದರವನ್ನು ಹಾದ ಲೋಹವು ಹಿಂದಿನ ರಾಳದಲ್ಲಿ ಸಂಗ್ರಹವಾಗಿ, ಆ ಅವಧಿಯ ಸರಾಸರಿ ಸಾಂದ್ರತೆ ತಿಳಿಯುತ್ತದೆ.

ಉತ್ತರ (ಶಿರಸಿ): ಶೂನ್ಯ ಡಿಗ್ರಿಯ ಸುಮಾರಿನಲ್ಲಿ ಅಯಾನುಗಳು ಜೆಲ್‌ನೊಳಗೆ 25 ಡಿಗ್ರಿಯಲ್ಲಿ ಚಲಿಸುವ ವೇಗದ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಚಲಿಸುತ್ತವೆ. ಲೆಕ್ಕದಲ್ಲಿ ನಮ್ಮ ಬೆಚ್ಚಗಿನ ಕರಾವಳಿಯ ವಿಸರಣ ಗುಣಾಂಕವನ್ನೇ (ಲೋಹ ಜೆಲ್‌ನಲ್ಲಿ ಎಷ್ಟು ಬೇಗ ಹರಡುತ್ತದೆ ಎಂಬ ಅಂಕಿಯನ್ನೇ) ಬಳಸಿದರೆ ಮಾಲಿನ್ಯ ಇರುವುದಕ್ಕಿಂತ ಕಡಿಮೆಯೆಂದು ತೋರೀತು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಪಾಚಿ ಕಟ್ಟದಂತೆ ಹಡಗಿನ ತಳಕ್ಕೆ ಬಳಿಯುವ ಬಣ್ಣದಲ್ಲಿಯೂ ತಾಮ್ರವಿರುತ್ತದಲ್ಲ, ಸಾಧನವನ್ನು ಹಡಗಿನಿಂದ ದೂರವೇ ಇಳಿಸಬೇಕೇ?

ಉತ್ತರ (ಕುಮಟಾ): ಖಂಡಿತ.