ಎಡಗೈ ರೂಢಿಯ ಮಗು, ತಡವಾದ ಮಾತು: ವಾಕ್-ಶ್ರವಣ ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿರಸಿ ತಾಲೂಕಿನ ಒಬ್ಬ ತಾಯಿ): ನಮಸ್ಕಾರ ಮೇಡಂ. ನನ್ನ ಮಗಳಿಗೆ ಎರಡು ವರ್ಷ ಮೂರು ತಿಂಗಳು. ಚಮಚ, ಚೆಂಡು, ಬಳಪ ಎಲ್ಲವನ್ನೂ ಎಡಗೈಯಲ್ಲೇ ಹಿಡಿಯುತ್ತಾಳೆ. ‘ಆಯಿ’, ‘ಅಪ್ಪ’, ‘ಬಾ’ ಎಂಬಂಥ ಹದಿನೈದರಷ್ಟು ಬಿಡಿ ಶಬ್ದಗಳನ್ನು ಮಾತ್ರ ಆಡುತ್ತಾಳೆ. ಹೇಳಿದ್ದು ಅವಳಿಗೆ ತಿಳಿಯುತ್ತದೆ, ಬೇಕಾದುದನ್ನು ಬೆರಳು ತೋರಿಸಿ ಕೇಳುತ್ತಾಳೆ. ಎಡಗೈಯಿಂದಲೇ ಮಾತು ತಡವಾಗಿದೆ ಎನ್ನುವ ಅತ್ತೆ, ಆ ಕೈ ಮುಂದೆ ಬಂದಾಗಲೆಲ್ಲ ಹಿಂದೆ ಸರಿಸುತ್ತಾರೆ. ಹಾಗೆ ಒತ್ತಾಯಿಸಿದರೆ ತೊದಲು ಬರುತ್ತದೆಂದು ಮಾವ ತಡೆಯುತ್ತಾರೆ. ಯಾರ ಮಾತು ಸರಿ?

ಉತ್ತರ: ನಮಸ್ಕಾರ. ಎಡಗೈ ರೂಢಿಯೊಂದರಿಂದಲೇ ಮಾತು ತಡವಾಗುವುದಿಲ್ಲ. ಮಾತಿನ ಸಾಮರ್ಥ್ಯ ಮಿದುಳಿನ ಎಡ ಅರ್ಧಭಾಗಕ್ಕೆ ಸೇರಿದ್ದೆಂದು ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1860ರ ದಶಕದಲ್ಲಿ ತೋರಿಸಿದ ಮೇಲೆ, ಎಡಚರಲ್ಲಿ ಇದು ತಿರುವುಮುರುವಾಗಿರಬೇಕೆಂಬ ಊಹೆ ಬಹುಕಾಲ ಉಳಿದಿತ್ತು. ವಾಸ್ತವದಲ್ಲಿ ಎಡಚರಲ್ಲೂ ಸುಮಾರು 70 ಪ್ರತಿಶತ ಜನರ ಮಾತನ್ನು ಎಡ ಅರ್ಧಭಾಗವೇ ನಡೆಸುತ್ತದೆ. ಉಳಿದವರಲ್ಲಿ ಬಲಭಾಗ ಅಥವಾ ಎರಡೂ ಭಾಗಗಳು ನಡೆಸುತ್ತವೆ, ಅದು ಕಾಯಿಲೆಯಲ್ಲ.

ನಿಮ್ಮ ಮಾವನವರು ಹೇಳುವ ವಿಚಾರವನ್ನು 1920-30ರ ದಶಕಗಳಲ್ಲಿ ಅಮೆರಿಕದ ಕೆಲವು ಸಂಶೋಧಕರೂ ಪ್ರತಿಪಾದಿಸಿದ್ದರು, ಆದರೆ ಮುಂದಿನ ಅಧ್ಯಯನಗಳು ಅದನ್ನು ದೃಢಪಡಿಸಲಿಲ್ಲ. ತೊದಲು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ ಮತ್ತು ಅದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಮಗುವಿನ ಕೈ ರೂಢಿ ಸ್ಪಷ್ಟವಾಗಿ, ಹಿರಿಯರು ಅದನ್ನು ತಿದ್ದಲು ತೊಡಗುವುದೂ ಅದೇ ವಯಸ್ಸಿನಲ್ಲಾದ್ದರಿಂದ ಎರಡಕ್ಕೂ ನಂಟು ಕಲ್ಪಿಸುವುದು ಸಹಜ.

ಆದರೂ ಅತ್ತೆಯವರಿಗೆ ದಯವಿಟ್ಟು ತಿಳಿಸಿ ಹೇಳಿ, ಆ ಕೈಯನ್ನು ಸರಿಸಬಾರದು. ಮಗು ಬಾಯಿಂದ ಹೇಳಲಾರದ್ದನ್ನು ಮೊದಲು ಕೈಯಿಂದ ಹೇಳುತ್ತದೆ. ಒಂದು ವರ್ಷದ ಆಸುಪಾಸಿನಲ್ಲಿ ಬೆರಳು ತೋರಿಸಲು ಕಲಿಯುವುದು ಮಾತಿಗೆ ಪೂರ್ವಸಿದ್ಧತೆ, ಮತ್ತು ಮಗು ತೋರಿಸಿದ ವಸ್ತುವಿನ ಹೆಸರನ್ನು ನಾವು ಆ ಕ್ಷಣವೇ ಹೇಳಿದಾಗ ಆ ಹೆಸರು ಅದರ ಮನಸ್ಸಿನಲ್ಲಿ ಬೇಗ ನಿಲ್ಲುತ್ತದೆ. ನಿಮ್ಮ ಮಗಳು ಎಡಗೈ ಚಾಚಿ ಬಾಳೆಹಣ್ಣು ತೋರಿಸುವಾಗ ಕೈ ಹಿಂದೆ ಸರಿಸಿದರೆ, ಮಾತು ಕಲಿಯುವ ಒಂದು ಅವಕಾಶವೇ ತಪ್ಪುತ್ತದೆ. ‘ಬಾಳೆಹಣ್ಣು ಬೇಕಾ? ತಗೋ, ಬಾಳೆಹಣ್ಣು’ ಎಂದು ಅವಳ ಮುಖ ನೋಡಿ ಹೇಳಿ ಕೊಡುವುದು ಮೇಲು.

ನನಗೆ ಕಾಳಜಿಯಿರುವುದು ಶಬ್ದಗಳ ಸಂಖ್ಯೆಯ ಬಗ್ಗೆ. ಎರಡು ವರ್ಷಕ್ಕೆ ಸುಮಾರು 50 ಶಬ್ದಗಳೂ ‘ಅಪ್ಪ ಬಾ’ ಎಂಬಂಥ ಜೋಡಣೆಯೂ ಇರಬೇಕು. ಅರ್ಥವಾಗುತ್ತಿರುವುದು ಒಳ್ಳೆಯ ಲಕ್ಷಣವೇ, ಆದರೂ ‘ತಡವಾಗಿ ಮಾತಾಡುವ ಮಕ್ಕಳಿದ್ದಾರೆ’ ಎಂದು ಕಾಯಬೇಡಿ. ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಮಳೆಗಾಲವಿಡೀ ನೆಗಡಿ ಬಿಡದ ಮಕ್ಕಳಲ್ಲಿ ಕಿವಿಪರದೆಯ ಹಿಂದೆ ದ್ರವ ನಿಂತು, ನೋವಿಲ್ಲದಿದ್ದರೂ ಕೇಳಿಸುವಿಕೆ ಮಂದವಾಗಬಹುದು. ಅಂಥ ಮಗು ಸನ್ನೆ ನೋಡಿ ಎಲ್ಲವನ್ನೂ ತಿಳಿದುಕೊಂಡಂತೆ ಕಾಣುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಿಮ್ಮ ಅಂಗನವಾಡಿಗೆ ಬಂದಾಗಲೂ ಇದನ್ನು ತಿಳಿಸಬಹುದು, ಆದರೆ ಆ ಭೇಟಿಗಾಗಿಯೇ ಪರೀಕ್ಷೆಯನ್ನು ಮುಂದೂಡಬೇಡಿ.

ಅದೇ ತಾಯಿ: ತೀರ್ಥ-ಪ್ರಸಾದಕ್ಕಾದರೂ ಬಲಗೈ ಕಲಿಸಬಹುದೇ?

ಉತ್ತರ: ಕಲಿಸಬಹುದು. ಗದರದೆ, ನೀವು ಮಾಡಿ ತೋರಿಸಿದರೆ ಸಾಕು. ಬರೆಯುವ, ಆಡುವ, ತೋರಿಸುವ ಕೈಯನ್ನು ಅವಳಿಗೇ ಬಿಡಿ.

ಪ್ರಶ್ನೆ (ಕಾರವಾರದ ಒಬ್ಬ ತಂದೆ): ನನ್ನ ಮಗನಿಗೆ ಹತ್ತು ತಿಂಗಳು. ಅವನೂ ಎಡಗೈಯನ್ನೇ ಬಳಸುತ್ತಾನೆ, ಬಲಗೈ ಹೆಚ್ಚಾಗಿ ಮುಷ್ಟಿ ಕಟ್ಟಿರುತ್ತದೆ. ಅವನೂ ಎಡಚನೇ ಇರಬಹುದೇ?

ಉತ್ತರ: ಇದನ್ನು ಎಡಚತನವೆಂದು ತಿಳಿಯಬೇಡಿ. ಆ ವಯಸ್ಸಿನಲ್ಲಿ ಮಗು ಎರಡೂ ಕೈಗಳನ್ನು ಬಳಸಬೇಕು. ಒಂದೂವರೆ ವರ್ಷಕ್ಕೆ ಮೊದಲೇ ಒಂದೇ ಕೈ ಮುಂದಾದರೆ, ಅದರಲ್ಲೂ ಇನ್ನೊಂದು ಕೈ ಬಿಗಿಯಾಗಿದ್ದರೆ, ಆ ಬದಿಯ ಬಲ ಕಡಿಮೆಯಿರುವ ಸಂಭವವಿದೆ. ತಡಮಾಡದೆ ಈ ವಾರದೊಳಗೇ ಮಕ್ಕಳ ತಜ್ಞರಿಗೆ ತೋರಿಸಿ. ಕಾಲಿನ ಚಲನೆಯಲ್ಲೂ ಎಡಬಲ ವ್ಯತ್ಯಾಸ ಕಂಡಿದ್ದರೆ ಅವರಿಗೆ ಹೇಳಿ. ತೊಂದರೆ ಇದೆಯೆಂದಾದರೆ ಫಿಸಿಯೋಥೆರಪಿಯನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು.