ಸಹಾಯ ಬೇಕು: ವಾರ್ಪ್ ಡ್ರೈವ್ ತೋರಿಸುವುದು ಹೇಗೆ?

ನಮಸ್ಕಾರ. ನಮ್ಮದು ಬದಿಯಡ್ಕದ ಹತ್ತಿರ. ಮಗಳು ಕನ್ನಡ ಮೀಡಿಯಂ, ಎಂಟನೇ ಕ್ಲಾಸು. ಶಾಲೆಯ ವಿಜ್ಞಾನ ಮೇಳಕ್ಕೆ ಕಥೆಗಳಲ್ಲಿ ಬರುವ ನಕ್ಷತ್ರನೌಕೆಯ ಮಾದರಿ ಮಾಡುತ್ತಿದ್ದಾಳೆ. ಅಡಿಕೆ ಹಾಳೆಯಲ್ಲಿ ನೌಕೆ ಚೆನ್ನಾಗಿಯೇ ಬಂದಿದೆ, ಮೂತಿ ಮಾತ್ರ ಸ್ವಲ್ಪ ಮುಟ್ಟಾಳೆ (ಹಾಳೆ ಟೋಪಿ) ಥರ ಆಯ್ತು.

ತೊಂದರೆ ಇರುವುದು ವಿವರಣೆಯಲ್ಲಿ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.2 ಜ್ಯೋತಿರ್ವರ್ಷ ದೂರ. ವಾಯೇಜರ್ 1 ಬಾಹ್ಯಾಕಾಶ ನೌಕೆಯ ಹಾಗೆ ಸೆಕೆಂಡಿಗೆ 17 ಕಿ.ಮೀ. ಓಡಿದರೂ 70 ಸಾವಿರ ವರ್ಷಕ್ಕಿಂತ ಜಾಸ್ತಿ ಬೇಕು. ಅದಕ್ಕೇ ಕಥೆಗಾರರಿಗೆ ವಾರ್ಪ್ ಡ್ರೈವ್, ಅಂದರೆ ನೌಕೆಯನ್ನು ಬೆಳಕಿಗಿಂತ ಬೇಗ ಮುಟ್ಟಿಸುವ ಕಾಲ್ಪನಿಕ ಯಂತ್ರ. 1994ರಲ್ಲಿ ಮೆಕ್ಸಿಕೋದ ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯೆರೆ ಐನ್‌ಸ್ಟೈನ್ ಸಮೀಕರಣದೊಳಗೇ ಇದಕ್ಕೆ ಲೆಕ್ಕ ಹಾಕಿ ತೋರಿಸಿದರು. ನೌಕೆಯ ಮುಂದಿನ ಜಾಗ ಕುಗ್ಗಬೇಕು, ಹಿಂದಿನದು ಹಿಗ್ಗಬೇಕು. ಅದಕ್ಕೆ ಋಣ ಶಕ್ತಿ (ಸೊನ್ನೆಗಿಂತಲೂ ಕಡಿಮೆ ಶಕ್ತಿ) ಬೇಕಂತೆ, ಅದು ಯಾವ ಅಂಗಡಿಯಲ್ಲಿ ಸಿಗುತ್ತದೋ!

ಬೈರಾಸಿನ (ಟವೆಲಿನ) ಮೇಲೆ ನೌಕೆ ಅಂತ ಹುಣಸೆಬೀಜ ಇಟ್ಟು, ಮುಂದೆ ನೆರಿಗೆ ಹಿಡಿದು ತೋರಿಸಿದೆ. "ಹಿಂದೆ ಹಿಗ್ಗಿದ್ದು ಎಲ್ಲಿ ಅಪ್ಪಾ?" ಅಂದಳು. ಬೈರಾಸು ಹಿಗ್ಗಲ್ವಲ್ಲ!

ಫಿಸಿಕ್ಸ್ ಟೀಚರ್‌ಗಳು ಯಾರಾದ್ರೂ ಇದ್ದರೆ ಹೇಳಿ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಹಾಸಿದರೆ ಆಗಬಹುದಾ? ಮತ್ತೆ, ವಾರ್ಪ್ ಡ್ರೈವ್‌ಗೆ ಒಂದು ಕನ್ನಡ ಪದವೂ ಬೇಕು. ನನಗೆ ಹೊಳೆದದ್ದು 'ನೆರಿಗೆ ಯಂತ್ರ'. ಸೀರೆ ಅಂಗಡಿಯ ಸಾಮಾನಿನಂತಿದೆ ಅಂತ ಮಗಳು ನಕ್ಕಳು. ಗುರುವಾರದೊಳಗೆ ಹೇಳಿದರೆ ಉಪಕಾರ, ಚಾರ್ಟ್ ಬರೆಯುವುದು ಇನ್ನೂ ಬಾಕಿ.